ಮಕ್ಕಳಾಟವೂ ಮನೋವಿಕಾಸವೂ



ಗಂಭೀರವಾದ ಕಾರ್ಯವನ್ನು ಯಾರಾದರೂ ಹಗುರವಾಗಿ ಎಣಿಸಿದರೆ, 'ಇದೇನು ಮಕ್ಕಳಾಟವೆಂದು ತಿಳಿದೆಯಾ?' ಎಂದು ಗದರಿಸುವುದು ನಮ್ಮಲ್ಲಿ ವಾಡಿಕೆ. ಮಕ್ಕಳ ಆಟವೆಂದರೆ ಗೊತ್ತುಗುರಿಯಿಲ್ಲದ್ದು, ಹೊತ್ತು ಕಳೆಯುವುದಕ್ಕಲ್ಲದೆ ಮತ್ತಾವುದಕ್ಕೂ ಒದಗದ್ದು ಎಂಬ ಭಾವನೆ ಈ ಮಾತಿನ ಹಿಂದೆ ಅಡಗಿದೆ. ಈ ಸಂಜೆ ನಾವು ಅರಿಕೆಮಾಡಲು ಹೊರಟಿರುವುದು ಇದಕ್ಕೆ ತೀರ ವಿರುದ್ಧವಾದ ಮಾತು. ಎರಡು ವರ್ಷದಿಂದ ಏಳು ವರ್ಷದವರೆಗಿನ ಮಗುವಿಗೆ ಆಟವೇ ಉದ್ಯೋಗ. ಮುಂದೆ ಅದರ ಬುದ್ಧಿಯೆಂದು ನಾವು ಕರೆಯತಕ್ಕ ವಸ್ತುವಿನ ಬಹುಭಾಗವು ಈ ಉದ್ಯೋಗದಲ್ಲಿಯೇ, ಅದೂ ನಾಲ್ಕು ಜನರ ನಡುವೆ, ರೂಪುಗೊಳ್ಳುತ್ತದೆ. ಮನಶ್ಶಾಸ್ತ್ರದ ವಿಷಯವನ್ನು ರೇಡಿಯೋದಲ್ಲಿ ಎತ್ತುವುದಕ್ಕೆ ಸಂಕೋಚಪಡಬೇಕಾದುದಿಲ್ಲ. ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ 'ಆಕಾಶವಾಣಿ'ಯನ್ನು ಸ್ಥಾಪಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜರ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರೇ ಆಗಿದ್ದರಷ್ಟೆ.

ನಮ್ಮ ಉದಾಹರಣೆಗಳನ್ನು ದೂರದೇಶದ ಶಿಶುಶಾಲೆಗಳಿಂದ ಮಾತ್ರ ತರುವುದು ನಮಗಿಷ್ಟವಿಲ್ಲ. ಬೆಳಗಾವಿ ಜಿಲ್ಲೆಯ ಘಟಪ್ರಭಾ ನದಿಯ ಸೀಮೆಯನ್ನು, ಎಂದರೆ ಗೋಕಾಕ, ಹುಕ್ಕೇರಿ ಮತ್ತು ಈಚೆಗೆ ಪ್ರತ್ಯೇಕ ತಾಲ್ಲೂಕಾದ ಮೂಡಲಗಿ, ಈ ಮೂರನ್ನು ಶ್ರೋತೃಗಳು ಕಣ್ಣೆದುರಿಗೆ ತಂದುಕೊಳ್ಳಬೇಕು. ಶಾಸ್ತ್ರಜ್ಞರು ಪ್ರಯೋಗಶಾಲೆಯಲ್ಲಿ ಕಂಡುಹಿಡಿದ ಸಂಗತಿಗಳು ಆ ಊರುಗಳ ಪಡಸಾಲೆಯಲ್ಲಿಯೂ ಹೊಳೆದಂಡೆಯಲ್ಲಿಯೂ ನಿತ್ಯ ನಡೆಯುತ್ತಿರುತ್ತವೆ.

ಮೊದಲು ಗೋಕಾಕಿಗೆ ಹೋಗೋಣ. ನೂರೆಪ್ಪತ್ತು ಅಡಿ ಎತ್ತರದಿಂದ ಧುಮುಕುವ ಅಲ್ಲಿನ ಜಲಪಾತವನ್ನೂ, ಅಲ್ಲಿನ ಕರದಂಟನ್ನೂ ಅರಿಯದವರು ಕಡಿಮೆ. ಅದೇ ಊರಿನ ಇನ್ನೊಂದು ಕೀರ್ತಿಯೆಂದರೆ ಮರದ ಆಟಿಕೆಗಳು. ಹಗುರವಾದ ಮರವನ್ನು ಕೆತ್ತಿ, ಬಣ್ಣವಿಟ್ಟು, ಜೀನಗಾರರು ಮಾಡುವ ಬಾಳೆಯ ಹಣ್ಣು, ಮಾವಿನ ಹಣ್ಣು, ಬದನೆಕಾಯಿಗಳು ತಟ್ಟೆಯಲ್ಲಿಟ್ಟರೆ ಬಂದ ಬೀಗರನ್ನು ಮೋಸಗೊಳಿಸುವಂತಿರುತ್ತವೆ. ಮೂರು ವರ್ಷದ ಮಗುವಿನ ಕೈಗೆ ಅಂತಹ ಒಂದು ಬಾಳೆಹಣ್ಣನ್ನು ಕೊಟ್ಟು ನೋಡಿರಿ. ಅದು ಕಚ್ಚುತ್ತದೆ, ಮರವೆಂದು ತಿಳಿಯುತ್ತದೆ. ಆಗ ಎರಡು ಪ್ರಶ್ನೆ ಕೇಳಿರಿ: 'ಇದು ನೋಡಲಿಕ್ಕೆ ಏನಿದ್ದಂತಿದೆ?' 'ನಿಜವಾಗಿ ಇದು ಏನು?' ಬಹುಶಃ ಎರಡಕ್ಕೂ ಒಂದೇ ಉತ್ತರ ಬರುವುದು. ಐದು ವರ್ಷದ ಅಕ್ಕನಾದರೋ, 'ಹಣ್ಣಿನಂತೆ ಕಾಣುತ್ತದೆ, ಆದರೆ ಕಟ್ಟಿಗೆ' ಎಂದು ನಕ್ಕು ಹೇಳುತ್ತಾಳೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾನ್ ಫ್ಲೇವೆಲ್ ಎಂಬ ಮನಶ್ಶಾಸ್ತ್ರಜ್ಞರು ೧೯೮೩ರಲ್ಲಿ ತಮ್ಮ ಸಂಗಡಿಗರೊಡನೆ ಪ್ರಕಟಿಸಿದ ಪರೀಕ್ಷೆ ಹೆಚ್ಚುಕಡಿಮೆ ಇದೇ. ಅವರ ಕೈಯಲ್ಲಿ ಗೋಕಾಕದ ಹಣ್ಣಿರಲಿಲ್ಲ. ಕಲ್ಲಿನಂತೆ ಕಾಣುವ ಒಂದು ಸ್ಪಂಜಿನ ತುಂಡಿತ್ತು. ಅದನ್ನು ಮುಟ್ಟಿ, ಹಿಚುಕಿ, ಸ್ಪಂಜೆಂದು ಅರಿತಮೇಲೆ ಮೂರು ವರ್ಷದ ಮಕ್ಕಳಲ್ಲಿ ಅನೇಕರು, ಅದು ನೋಡಲಿಕ್ಕೂ ಸ್ಪಂಜಿನಂತೆಯೇ ಇದೆಯೆಂದರು. ನಾಲ್ಕೈದು ವರ್ಷದ ಮಕ್ಕಳು ತೋರಿಕೆಯನ್ನೂ ನಿಜವನ್ನೂ ಬೇರ್ಪಡಿಸಿ ಹೇಳಿದರು. ಒಂದೇ ವಸ್ತುವನ್ನು ಎರಡು ಬಗೆಯಾಗಿ ಎಣಿಸಿ, ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿರುವುದು ಅಷ್ಟು ಸುಲಭದ ಕೆಲಸವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಆದರೆ ಇಲ್ಲಿ ಒಂದು ಸೋಜಿಗವಿದೆ. ಮರದ ಹಣ್ಣಿನ ಮುಂದೆ ಸೋತ ಅದೇ ಮೂರು ವರ್ಷದ ಮಗು, ಮೆಕ್ಕೆಜೋಳದ ದಿಂಡಿಗೆ ಅರಿವೆ ಸುತ್ತಿ, ಅದನ್ನು ಕೂಸೆಂದು ತೊಡೆಯ ಮೇಲೆ ಮಲಗಿಸಿ ಜೋಗುಳ ಹಾಡುತ್ತದೆ. ಅದು ನಿಜವಾಗಿ ಕೂಸಲ್ಲ, ದಿಂಡು ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಹಸಿವಾದರೆ ಕೂಸನ್ನು ಮೂಲೆಗೆಸೆದು ಓಡುತ್ತದೆ. ಫ್ಲೇವೆಲ್ಲರೇ ೧೯೮೭ರಲ್ಲಿ, ತೋರಿಕೆಗೂ ನಿಜಕ್ಕೂ ಇರುವ ಭೇದಕ್ಕಿಂತ ಆಟದ ಸೋಗಿಗೂ ನಿಜಕ್ಕೂ ಇರುವ ಭೇದವು ಎಳೆಯ ಮಕ್ಕಳಿಗೆ ಸುಲಭವೆಂದು ತೋರಿಸಿದರು. ಪರೀಕ್ಷಕನು ಒಡ್ಡಿದ ಪ್ರಶ್ನೆಯಲ್ಲಿ ಎಡವುವ ಬುದ್ಧಿಯು, ತಾನೇ ಹೂಡಿದ ಆಟದಲ್ಲಿ ನೆಟ್ಟಗೆ ನಡೆಯುತ್ತದೆ ಎಂದಾಯಿತು.

ಈಗ ಹುಕ್ಕೇರಿಯ ಕಡೆಗೆ ಬರೋಣ. ಕಾರಹುಣ್ಣಿಮೆಯಾದ ಹದಿನೈದು ದಿವಸಕ್ಕೆ, ಜ್ಯೇಷ್ಠಮಾಸದ ಕೊನೆಯಲ್ಲಿ, ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಮುಂಗಾರಿನ ಮಣ್ಣು ನೆನೆದಿರುತ್ತದೆ. ಮಕ್ಕಳು ಎರೆಮಣ್ಣನ್ನು ತಂದು ಕಲಸಿ, ಜೋಡಿ ಎತ್ತುಗಳನ್ನೂ, ಅವುಗಳ ಮುಂದೆ ಒಂದು ಗೋದಲಿಯನ್ನೂ ಮಾಡಿ, ಕಾಳುಗಳಿಂದ ಕಣ್ಣಿಟ್ಟು ಸಿಂಗರಿಸುತ್ತಾರೆ, ಮನೆಯವರು ಪೂಜಿಸುತ್ತಾರೆ. ಕೆಲವು ವರ್ಷಗಳ ಕೆಳಗೆ ಆ ಹಬ್ಬಕ್ಕೆ ನಾವು ಆ ಸೀಮೆಯ ಒಂದು ಹಳ್ಳಿಯಲ್ಲಿ ನಮ್ಮ ತಂಗಿಯ ಮನೆಯಲ್ಲಿದ್ದೆವು. ಅಲ್ಲಿ ನಮ್ಮಿಂದ ನಡೆದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು.

ತಂಗಿಯ ಮಗನಿಗೆ ಆಗ ಐದು ವರ್ಷ. ಕಟ್ಟೆಯ ಮೇಲೆ ಒಬ್ಬನೇ ಕುಳಿತು ಎತ್ತು ಮಾಡುತ್ತಿದ್ದ. ಮಾಡುತ್ತ ಮಾಡುತ್ತ ತನ್ನಷ್ಟಕ್ಕೆ ತಾನೇ ಮಾತಾಡುತ್ತಿದ್ದ. 'ಈಗ ಕಾಲ ಹಚ್ಚಬೇಕು... ಹಸಿ ಐತಿ, ನಿಂದ್ರಂಗಿಲ್ಲ... ಒಣಾ ಮಣ್ಣ ಹಾಕೂಣು... ಏ, ಹಂಗಲ್ಲ...' ನಾವು ಪತ್ರಿಕೆ ಓದುತ್ತಿದ್ದೆವು. ಈ ಗೊಣಗಾಟ ಕಿವಿಗೆ ಕಿರುಕುಳವಾಗಿ, 'ಬಾಯಿ ಮುಚ್ಚಿ ಮಾಡೋ. ಒಬ್ಬನ ಮಾತಾಡಿದ್ರ ಮಂದಿ ಹುಚ್ಚ ಅಂತಾರ' ಎಂದೆವು. ಹುಡುಗ ನಮ್ಮ ಮುಖವನ್ನೊಮ್ಮೆ ನೋಡಿ, 'ಹೂಂ ಮಾಮಾ' ಎಂದು ಸುಮ್ಮನಾದ. ಸ್ವಲ್ಪ ಹೊತ್ತಿಗೆ ಎತ್ತಿನ ಮುಂಗಾಲು ಕುಸಿಯಿತು. ಎತ್ತಿ ಹಚ್ಚಿದ, ಮತ್ತೆ ಕುಸಿಯಿತು. ಮೂರನೆಯ ಸಲ ಬಿದ್ದಾಗ ಕೈ ತೊಳೆದುಕೊಂಡು ಎದ್ದುಬಿಟ್ಟ.

ಅಷ್ಟರಲ್ಲಿ ಅವನ ಆಯಿ, ಎಂದರೆ ನಮ್ಮ ತಂಗಿಯ ಅತ್ತೆಯವರು, ಹೊರಗೆ ಬಂದರು. ಅಕ್ಷರ ಕಲಿತವರಲ್ಲ. ಮುರಿದ ಎತ್ತಿನ ಮುಂದೆ ಕುಳಿತು, 'ಯಾಕೋ ಎಪ್ಪಾ, ನಿನ್ನ ಎತ್ತಿಗೆ ಏನಾಗೇತಿ?' ಎಂದು ಕೇಳಿದರು.

'ಕಾಲ ಮುರದೈತಿ, ಆಯಿ.'

'ಹಂಗಾರ ಅದು ಕುಂಟೆತ್ತು ಆತು. ಕುಂಟೆತ್ತಿಗೆ ಮೇವ ಒಂದೀಟ ಹೆಚ್ಚಿಗಿ ಬೇಕು. ಗೋದಲಿ ದೊಡ್ಡದು ಮಾಡಿ ಏನ ಮತ್ತ?'

ಹುಡುಗ ಮರಳಿ ಕುಳಿತ. ಗೋದಲಿ ದೊಡ್ಡದಾಯಿತು. ಮಾತು ಮತ್ತೆ ಮೊದಲಾಯಿತು. ಮರುದಿನ ಓಣಿಯ ಹುಡುಗರು ಕುಂಟೆತ್ತನ್ನು ಹಲಗೆಯ ಮೇಲಿಟ್ಟುಕೊಂಡು, ಅದಕ್ಕೆ ಜೋಳ ನೀಡಿರೆಂದು ಹಾಡುತ್ತ ಮನೆಮನೆಗೆ ಹೋಗುವ ಪದ್ಧತಿ ಆ ಕಡೆ ಉಂಟು. ಆ ವರ್ಷ ಹಲಗೆಯ ಮೇಲೆ ಕುಳಿತದ್ದು ಅವನ ಎತ್ತೇ. ತರಗತಿಯಲ್ಲಿ ಇಂಗ್ಲಿಷ್ ಪುಸ್ತಕಗಳನ್ನು ವ್ಯಾಖ್ಯಾನ ಮಾಡುವ ನಾವು ಒಂದು ಮಗುವಿನ ಆಲೋಚನೆಯನ್ನು ಅರ್ಧಕ್ಕೆ ಕತ್ತರಿಸಿದೆವು. ಆಯಿಯವರು ಮೂರು ಮಾತಿನಲ್ಲಿ ಅದನ್ನು ಮತ್ತೆ ಬೆಸೆದರು.

ನಾವು ಮಾಡಿದ ತಪ್ಪು ಎಂತಹದೆಂಬುದನ್ನು ತಿಳಿಯಬೇಕಾದರೆ ೧೮೯೬ರಲ್ಲಿಯೇ ಹುಟ್ಟಿದ ಇಬ್ಬರು ವಿದ್ವಾಂಸರ ವಾದವನ್ನು ಕೇಳಬೇಕು. ಒಬ್ಬರು ಸ್ವಿಟ್ಜರ್‌ಲೆಂಡಿನ ಜಾನ್ ಪಿಯಾಜೆ. ಇನ್ನೊಬ್ಬರು ರಷ್ಯದ ಲೆವ್ ವಿಗೋಟ್‌ಸ್ಕಿ. ಮಕ್ಕಳು ಯಾರನ್ನೂ ಉದ್ದೇಶಿಸದೆ ತಮ್ಮಷ್ಟಕ್ಕೆ ಆಡಿಕೊಳ್ಳುವ ಮಾತನ್ನು ಪಿಯಾಜೆಯವರು ೧೯೨೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸೂಕ್ಷ್ಮವಾಗಿ ವರ್ಣಿಸಿದರು. ಇತರರ ದೃಷ್ಟಿಯಿಂದ ನೋಡಲಾರದ ಎಳೆಯ ಮನಸ್ಸು ತನ್ನಲ್ಲಿಯೇ ಮುಳುಗಿರುವುದರ ಲಕ್ಷಣವಿದು, ಮಗು ಸಮಾಜಕ್ಕೆ ಒಗ್ಗಿದಂತೆಲ್ಲ ಇದು ತಾನಾಗಿ ಬಾಡಿಹೋಗುತ್ತದೆ ಎಂದು ಅವರ ಅಭಿಪ್ರಾಯವಾಗಿತ್ತು.

ವಿಗೋಟ್‌ಸ್ಕಿಯವರು ಇದನ್ನು ಒಪ್ಪಲಿಲ್ಲ. ಅವರು ಒಂದು ಸರಳವಾದ ಉಪಾಯ ಮಾಡಿದರು. ಮಕ್ಕಳು ಚಿತ್ರ ಬರೆಯಲು ಕುಳಿತಾಗ ಬೇಕಾದ ಕಾಗದವೋ ಬಣ್ಣದ ಸೀಸದಕಡ್ಡಿಯೋ ಇಲ್ಲದಂತೆ ಮಾಡಿ, ಕೆಲಸಕ್ಕೆ ಅಡಚಣೆ ತಂದರು. ಆಗ ಆ ಸ್ವಗತದ ಮಾತು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಮಗುವು ಬರಿದೆ ಗೊಣಗುತ್ತಿದ್ದರೆ ಕಷ್ಟ ಬಂದಾಗ ಗೊಣಗಾಟ ಹೆಚ್ಚಬೇಕಾದ ಕಾರಣವೇನು? ಆದುದರಿಂದ ಅದು ಆಲೋಚನೆಯೇ; ಇನ್ನೂ ಒಳಗೆ ಹೋಗದೆ ನಾಲಗೆಯ ಮೇಲೆ ನಿಂತಿರುವ ಆಲೋಚನೆ. ಮಾತು ಮೊದಲು ಇಬ್ಬರ ನಡುವೆ ಇರುತ್ತದೆ. ಅನಂತರ ಮಗು ಅದೇ ಮಾತನ್ನು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತದೆ. ಕಡೆಗೆ ಅದು ಧ್ವನಿಯನ್ನು ಕಳೆದುಕೊಂಡು ಅಂತರಂಗದ ಮಾತಾಗುತ್ತದೆ. ಅದು ಬಾಡಿಹೋಗುವುದಿಲ್ಲ, ಒಳಗೆ ಬೇರಿಳಿಯುತ್ತದೆ.

ಕ್ಷಯರೋಗದಿಂದ ಮೂವತ್ತೇಳನೆಯ ವಯಸ್ಸಿನಲ್ಲಿ, ೧೯೩೪ರಲ್ಲಿ, ವಿಗೋಟ್‌ಸ್ಕಿಯವರು ತೀರಿಕೊಂಡರು. ಆಲೋಚನೆ ಮತ್ತು ಭಾಷೆಗಳನ್ನು ಕುರಿತ ಅವರ ಗ್ರಂಥವು ಆ ವರ್ಷವೇ ಹೊರಬಂದರೂ, ಅವರ ದೇಶದ ಸರ್ಕಾರದ ಅವಕೃಪೆಯಿಂದಾಗಿ ೧೯೫೬ರವರೆಗೆ ಮರುಮುದ್ರಣ ಕಾಣಲಿಲ್ಲ; ಇಂಗ್ಲಿಷಿಗೆ ಬಂದದ್ದು ೧೯೬೨ರಲ್ಲಿ. ಆಗ ಪಿಯಾಜೆಯವರು ಅದನ್ನೋದಿ, ಈ ಸ್ವಗತಭಾಷಣದ ವಿಷಯದಲ್ಲಿ ತಮ್ಮ ಪ್ರತಿಪಕ್ಷಿಯ ಮಾತನ್ನು ಬಹುಮಟ್ಟಿಗೆ ಒಪ್ಪಿಕೊಂಡರು. ನಮ್ಮ ಸೋದರಳಿಯನ ಬಾಯಿ ಮುಚ್ಚಿಸಿದಾಗ ನಾವು ಮುಚ್ಚಿಸಿದ್ದು ಬರಿಯ ಬಾಯನ್ನಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತಷ್ಟೆ.

ಕಲ್ಪನೆಯ ವಿಷಯದಲ್ಲಿಯೂ ವಿಗೋಟ್‌ಸ್ಕಿಯವರ ವಿಚಾರ ಮನನೀಯವಾದುದು. ಎಳೆಗೂಸಿಗೆ ವಸ್ತುವೇ ಆಜ್ಞಾಪಕ: ಗಂಟೆ ಕಂಡರೆ ಬಾರಿಸಬೇಕು, ಬಾಗಿಲು ಕಂಡರೆ ತೆರೆಯಬೇಕು. ಕೋಲನ್ನು ಕುದುರೆಯಾಗಿ ಮಾಡಿಕೊಂಡ ಮಗುವಾದರೋ ಕಣ್ಣಿಗೆ ಕಾಣುವ ಕೋಲಿನ ಆಜ್ಞೆಯನ್ನು ಮೀರಿ, ಮನಸ್ಸಿನಲ್ಲಿರುವ ಕುದುರೆಯ ಆಜ್ಞೆಯಂತೆ ನಡೆಯುತ್ತದೆ. 'ಕುದುರೆ' ಎಂಬ ಅರ್ಥವು ನಿಜವಾದ ಕುದುರೆಯಿಂದ ಬೇರ್ಪಡಲು ಅದಕ್ಕೆ ಒಂದು ಊರುಗೋಲು ಬೇಕು. ಕೋಲೇ ಆ ಊರುಗೋಲು. ಕಾಲ ಕೆಳಗಿಟ್ಟು ಸವಾರಿ ಮಾಡಲು ಬಾರದ ವಸ್ತು, ಉದಾಹರಣೆಗೆ ಒಂದು ಅಂಚೆಯ ಕಾರ್ಡು, ಮಗುವಿಗೆ ಕುದುರೆಯಾಗಲಾರದು ಎಂದು ಅವರು ಸೂಕ್ಷ್ಮವಾಗಿ ಗಮನಿಸಿದ್ದಾರೆ. ಇಂದು ಮಣ್ಣಿನಿಂದ ಎತ್ತನ್ನೂ ಕೋಲಿನಿಂದ ಕುದುರೆಯನ್ನೂ ಬಿಡಿಸಿಕೊಂಡ ಮಗು ನಾಳೆ ಊರುಗೋಲನ್ನೂ ಬಿಟ್ಟು, ಎತ್ತಿಲ್ಲದೆಯೇ 'ಎತ್ತು' ಎಂಬ ಎರಡಕ್ಷರವನ್ನು ಓದಬಲ್ಲದು. ಎಣಿಸಲು ಬೀಜಗಳಿಲ್ಲದೆ ಎರಡು ಮೂರು ಐದೆನ್ನಬಲ್ಲದು. ಅಕ್ಷರಕ್ಕೂ ಅಂಕಿಗೂ ಆಟವು ಶತ್ರುವೆಂದು ಭಾವಿಸುವವರು, ಇವೆರಡೂ ಅದೇ ಬೇರಿನಿಂದ ಚಿಗುರುವುದನ್ನು ನೋಡಬೇಕು.

ಇನ್ನು ಮೂಡಲಗಿಯ ಕಡೆಗೆ. ಶ್ರೀಕೃಷ್ಣಪಾರಿಜಾತವೆಂಬ ಬಯಲಾಟದ ಹೆಸರಿನೊಡನೆ ಈ ಸೀಮೆಯ ಹೆಸರೂ ಹೊಂದಿಕೊಂಡಿದೆ. ಆ ಆಟವನ್ನು ಪ್ರಸಿದ್ಧಿಗೆ ತಂದ ಕುಲಗೋಡ ತಮ್ಮಣ್ಣನವರ ಊರೂ, ಅದರಲ್ಲಿ ಹೆಸರು ಪಡೆದ ಕಲಾವಿದೆ ಕೌಜಲಗಿ ನಿಂಗಮ್ಮನವರ ಊರೂ ಗೋಕಾಕ, ಮೂಡಲಗಿಗಳ ಆಸುಪಾಸಿನವೇ. ರಾತ್ರಿ ಪಾರಿಜಾತ ನೋಡಿದ ಮಕ್ಕಳು ಮರುದಿನ ಹಿತ್ತಿಲಲ್ಲಿ ಅದನ್ನೇ ಹೂಡುತ್ತಾರೆ. ಟವೆಲು ಹೊದ್ದವಳು ಸತ್ಯಭಾಮೆ. ಕಣಗಿಲ ಹೂವೇ ಪಾರಿಜಾತ. ಅಲ್ಲಿ ನಡೆಯುವ ತಕರಾರನ್ನು ಕಿವಿಗೊಟ್ಟು ಕೇಳಬೇಕು. 'ಸತ್ಯಭಾಮಿ ನಗಬಾರದು, ಆಕಿಗೆ ಸಿಟ್ಟು ಬಂದೈತಿ' ಎಂದು ಒಬ್ಬಳು. 'ಕೃಷ್ಣ ಹೂ ಕೊಟ್ಟಿದ್ದು ರುಕ್ಮಿಣಿಗೆ, ನೀ ಯಾಕ ಇಸ್ಕೊಂಡಿ?' ಎಂದು ಇನ್ನೊಬ್ಬಳು. ನಗುಬಂದರೂ ನಗದೆ, ಕೈಯಲ್ಲಿರುವ ಹೂವನ್ನು ಬೇಕೆನಿಸಿದರೂ ಬಿಟ್ಟುಕೊಟ್ಟು, ತನ್ನದಲ್ಲದ ಸಿಟ್ಟನ್ನು ತನ್ನದೆಂದು ಹೊತ್ತು ಆ ಹುಡುಗಿ ನಿಂತಿರುತ್ತಾಳೆ. ಹಿರಿಯರು ಹತ್ತು ಸಲ ಬುದ್ಧಿ ಹೇಳಿದರೂ ಬಾರದ ಸಂಯಮವು ಆಟದ ಕಟ್ಟಳೆಗೆ ತಲೆಬಾಗಿ ಬಂದುಬಿಡುತ್ತದೆ. ಕಲ್ಪನೆ ಎಂದರೆ ಕಟ್ಟಿಲ್ಲದ ಸ್ವೇಚ್ಛೆಯಲ್ಲ. ಪ್ರತಿಯೊಂದು ಸೋಗಿನ ಒಳಗೂ ಒಂದು ನಿಯಮ ಕುಳಿತಿರುತ್ತದೆ.

ಆ ತಕರಾರಿನಲ್ಲಿ ಇನ್ನೊಂದು ಲಾಭವಿದೆ. ರುಕ್ಮಿಣಿಗೆ ಹೂ ಸಿಕ್ಕ ಸಂಗತಿ ಸತ್ಯಭಾಮೆಗೆ ಯಾವಾಗ ತಿಳಿಯಿತು, ಅದಕ್ಕೆ ಮುಂಚೆ ಅವಳು ಏನೆಂದುಕೊಂಡಿದ್ದಳು ಎಂದು ಎಣಿಸುವ ಮಗು, ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಿರುವುದಿಲ್ಲವೆಂಬ ದೊಡ್ಡ ಪಾಠವನ್ನು ಕಲಿಯುತ್ತಿರುತ್ತದೆ. ವಿಮ್ಮರ್ ಮತ್ತು ಪರ್ನರ್ ಎಂಬಿಬ್ಬರು ೧೯೮೩ರಲ್ಲಿ ಇದನ್ನೇ ಒಂದು ಸಣ್ಣ ಕಥೆಯಿಂದ ಪರೀಕ್ಷಿಸಿದರು: ಹುಡುಗನೊಬ್ಬನು ಮಿಠಾಯಿಯನ್ನು ಒಂದು ಕಪಾಟಿನಲ್ಲಿಟ್ಟು ಹೊರಗೆ ಹೋದಾಗ ತಾಯಿ ಅದನ್ನು ಇನ್ನೊಂದರಲ್ಲಿಡುತ್ತಾಳೆ; ಮರಳಿ ಬಂದವನು ಎಲ್ಲಿ ಹುಡುಕುತ್ತಾನೆ? ತೀರ ಎಳೆಯ ಮಕ್ಕಳು ಮಿಠಾಯಿ ಈಗಿರುವ ಕಪಾಟನ್ನೇ ತೋರಿಸುತ್ತಾರೆ. ನಾಲ್ಕು ವರ್ಷ ದಾಟಿದಂತೆ ಆ ಹುಡುಗನ ತಪ್ಪು ತಿಳಿವಳಿಕೆಯನ್ನು ಅರಿಯಬಲ್ಲವರಾಗುತ್ತಾರೆ.

ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ, ಸಿಂಗರಿಸಿ, ಗುಂಪಾಗಿ ಹಾಡುತ್ತ ಆಡುವುದನ್ನೂ ಇಲ್ಲಿ ನೆನೆಯಬೇಕು. ಅಲ್ಲಿ ಹತ್ತು ವರ್ಷದವಳು ಗುಳ್ಳವ್ವನ ಮುಖ ತಿದ್ದುತ್ತಾಳೆ, ಏಳರವಳು ಗುಲಗಂಜಿ ಅಂಟಿಸುತ್ತಾಳೆ, ನಾಲ್ಕರವಳು ಮಣ್ಣು ನಾದಿ ಕೊಡುತ್ತಾಳೆ. ಬರುವ ವರ್ಷ ನಾಲ್ಕರವಳೇ ಗುಲಗಂಜಿಗೆ ಕೈ ಹಾಕುವಳು. ಇಂದು ಬಲ್ಲವರ ಜೊತೆಯಲ್ಲಿ ಮಾಡಬಲ್ಲದ್ದನ್ನು ಮಗು ನಾಳೆ ತಾನೊಂದೇ ಮಾಡಬಲ್ಲದು. ಈ ಎರಡರ ನಡುವಣ ಅಂತರವೇ ಬುದ್ಧಿಯು ಬೆಳೆಯುವ ಹೊಲ ಎಂದು ವಿಗೋಟ್‌ಸ್ಕಿಯವರು ಸಾರಿದರು. ಕುಂಟೆತ್ತಿನ ಮುಂದೆ ಆಯಿಯವರು ಕುಳಿತದ್ದು ಈ ಹೊಲದಲ್ಲಿಯೇ. ಅವರು ಎತ್ತನ್ನು ತಾವೇ ತಿದ್ದಿಕೊಡಲಿಲ್ಲ. ಒಂದು ಪ್ರಶ್ನೆ ಕೇಳಿ, ಒಂದು ಹೆಸರು ಕೊಟ್ಟರು.

ವಿಷಯದ ಮತ್ತೊಂದು ಮಗ್ಗುಲನ್ನು ಮರೆಮಾಚುವುದು ನ್ಯಾಯವಲ್ಲ. ೧೯೩೯ರಲ್ಲಿ ನಮ್ಮ ದೇಶಕ್ಕೆ ಬಂದು, ಯುದ್ಧಕಾಲವನ್ನೆಲ್ಲ ಇಲ್ಲಿಯೇ ಕಳೆದು, ಅನೇಕ ಶಿಕ್ಷಕರನ್ನು ತಯಾರುಮಾಡಿದ ಮರಿಯಾ ಮಾಂಟೆಸರಿಯವರು ಎಳೆಯ ಮಕ್ಕಳಿಗೆ ಅದ್ಭುತ ಕಥೆಗಳಿಗಿಂತ ನಿಜವಾದ ಕೆಲಸವೇ ಹಿತವೆಂದು ನಂಬಿದ್ದರು. ಆಂಜಲೀನ್ ಲಿಲ್ಲಾರ್ಡ್ ಮತ್ತು ಅವರ ಸಂಗಡಿಗರು ೧೯೧೩ಕ್ಕೆ ಸರಿಯಾಗಿ ನೂರು ವರ್ಷದ ಮೇಲೆ, ಎಂದರೆ ೨೦೧೩ರಲ್ಲಿ, ಅದುವರೆಗಿನ ಸಂಶೋಧನೆಗಳನ್ನೆಲ್ಲ ಜಾಲಿಸಿ ನೋಡಿ, ಸೋಗಿನ ಆಟವೊಂದೇ ಬುದ್ಧಿವಿಕಾಸಕ್ಕೆ ಕಾರಣವೆಂಬುದಕ್ಕೆ ಸಾಕಷ್ಟು ಬಲವಾದ ಪ್ರಮಾಣವಿಲ್ಲವೆಂದರು. ಆಟದ ಜೊತೆಗಿರುವ ಮಾತುಕತೆ, ಹಿರಿಯರ ಗಮನ ಮೊದಲಾದವೂ ಕಾರಣವಾಗಿರಬಹುದು. ಈ ಎಚ್ಚರಿಕೆಯನ್ನು ನಾವು ಗೌರವಿಸುತ್ತೇವೆ. ನಮ್ಮ ಹಳ್ಳಿಗಳಲ್ಲಿಯಾದರೂ ಆಟವೂ ಕೆಲಸವೂ ಒಂದೇ ಪಡಸಾಲೆಯಲ್ಲಿ ಕೂಡಿರುತ್ತವೆ. ಜೋಳ ಹಸನುಮಾಡುವ ಅಜ್ಜಿಯ ಪಕ್ಕದಲ್ಲಿ ಪುಟ್ಟ ಮೊರವನ್ನು ಹಿಡಿದ ಮಗು ಆಡುತ್ತಿದೆಯೋ ದುಡಿಯುತ್ತಿದೆಯೋ ಎಂದು ಗೆರೆಯೆಳೆದು ಹೇಳುವುದು ಕಷ್ಟ. ನಮ್ಮ ವಾದವಿಷ್ಟೆ: ಕಲ್ಪನೆಯು ಒಂಟಿಯಾಗಿ ಬೆಳೆಯುವುದಿಲ್ಲ, ಜೊತೆಗೆ ಮಾತಾಡುವ ಒಂದು ಜೀವ ಬೇಕು.

ಈ ಕಾಲದಲ್ಲಿ ಆತಂಕಕ್ಕೆ ಎಡೆಯಾಗಿರುವುದು ಇಲ್ಲಿಯೇ. ಪೇಟೆಯಲ್ಲಿ ಅಚ್ಚಿನಲ್ಲೊತ್ತಿ ಬಣ್ಣ ಬಳಿದ ಎತ್ತುಗಳು ಜೋಡಿಗೆ ಇಷ್ಟೆಂದು ಸಿಗುತ್ತವೆ. ಕೊಂಡುತಂದರೆ ಪೂಜೆ ಸಾಗುತ್ತದೆ, ಕೈ ಕೆಸರಾಗುವುದಿಲ್ಲ. ಆದರೆ ಅಚ್ಚಿನ ಎತ್ತಿನ ಕಾಲು ಕುಸಿಯುವುದಿಲ್ಲ. ಕುಸಿಯದ ಎತ್ತಿನ ಮುಂದೆ ಮಗು ತನ್ನೊಡನೆ ತಾನು ಮಾತಾಡಬೇಕಾದ ಪ್ರಸಂಗವೇ ಬರುವುದಿಲ್ಲ. ಅಳುವ ಮಗುವಿನ ಕೈಗೆ ಮೊಬೈಲ್ ಫೋನನ್ನು ಕೊಟ್ಟರೆ ಮನೆ ನಿಶ್ಶಬ್ದವಾಗುತ್ತದೆ. ಆ ನಿಶ್ಶಬ್ದವನ್ನು ನಾವು ಒಳ್ಳೆಯ ನಡತೆಯೆಂದು ತಪ್ಪು ತಿಳಿಯುತ್ತೇವೆ. ಮೂರು ವರ್ಷದ ಬೆರಳುಗಳಿಗೆ ಪೆನ್ಸಿಲ್ ಕೊಟ್ಟು ಪುಟಗಟ್ಟಲೆ ಅಕ್ಷರ ಬರೆಯಿಸುವ ಶಾಲೆಯನ್ನು ಒಳ್ಳೆಯ ಶಾಲೆಯೆಂದು ಹುಡುಕಿಕೊಂಡು ಹೋಗುತ್ತೇವೆ.

ರಾಜ್ಯದ ನೀತಿ ಈ ಬಗ್ಗೆ ಕುರುಡಾಗಿಲ್ಲ. ೧೯೭೫ನೆಯ ಅಕ್ಟೋಬರ್ ೨ರಂದು ದೇಶದ ೩೩ ವಿಭಾಗಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಊರೂರಿನ ಅಂಗನವಾಡಿಗಳು ಅದರ ಫಲ. ಮೂರರಿಂದ ಆರು ವರ್ಷದ ಮಕ್ಕಳಿಗೆ ಅನ್ನದ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಅದರ ಉದ್ದೇಶ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದು ಘಟ್ಟವಾಗಿ ಎಣಿಸಿ, ಅಲ್ಲಿ ಆಟದ ಮೂಲಕ ಕಲಿಕೆ ನಡೆಯಬೇಕೆಂದು ವಿಧಿಸಿತು. ಆದರೆ ಕಾಗದದ ಮೇಲಿನ ನೀತಿ ಕಟ್ಟೆಯ ಮೇಲೆ ಕುಳಿತ ಮಗುವನ್ನು ಮುಟ್ಟಬೇಕಾದರೆ ತಂದೆತಾಯಂದಿರು ಒಪ್ಪಬೇಕು. 'ನಮ್ಮ ಮಗು ಬರಿ ಆಡಿ ಬರ್ತೈತಿ, ಏನೂ ಕಲಸಂಗಿಲ್ಲ' ಎಂದು ಅಂಗನವಾಡಿಯ ಕಾರ್ಯಕರ್ತೆಯನ್ನು ಆಕ್ಷೇಪಿಸುವವರು ನಾವೇ ಅಲ್ಲವೇ?

ನಮ್ಮ ಪ್ರಾರ್ಥನೆಗಳು ದೊಡ್ಡವಲ್ಲ. ಮಗು ಒಂಟಿಯಾಗಿ ಮಾತಾಡುತ್ತಿದ್ದರೆ ಗದರಿಸದಿರೋಣ. ಮಣ್ಣು, ಚಿಂದಿ, ಕೋಲುಗಳನ್ನು ಕಸವೆಂದು ಕಸಿದುಕೊಳ್ಳದಿರೋಣ. ಬೆಕ್ಕು ತನ್ನೊಡನೆ ಮಾತಾಡಿತೆಂದು ಮೂರು ವರ್ಷದ ಕೂಸು ಹೇಳಿದರೆ ಸುಳ್ಳುಗಾರನೆಂದು ಹೊಡೆಯದೆ, ಏನೆಂದಿತೆಂದು ಕೇಳೋಣ. ದಿನಕ್ಕೆ ಅರ್ಧ ಗಂಟೆ ಅದರ ಆಟದಲ್ಲಿ ಅದು ಕೊಟ್ಟ ಪಾತ್ರವನ್ನು ವಹಿಸಿ, ಅದರ ಕಟ್ಟಳೆಗೆ ಒಳಪಡೋಣ. ಇದಕ್ಕೆ ಹಣವೂ ಬೇಡ, ಪದವಿಯೂ ಬೇಡ.

ಮುಂದಿನ ಜ್ಯೇಷ್ಠದ ಅಮಾವಾಸ್ಯೆಯ ಮರುದಿನ ಘಟಪ್ರಭೆಯ ಸೀಮೆಯ ಯಾವುದೋ ಬಾಗಿಲಿಗೆ ಮಕ್ಕಳು ಕುಂಟೆತ್ತನ್ನು ಹೊತ್ತು ಬಂದಾರು. ಆ ಮನೆಯವರು ಒಂದು ಬೊಗಸೆ ಜೋಳ ನೀಡುವುದು ಸಂಪ್ರದಾಯ. ಅದರೊಡನೆ ಆಯಿಯವರು ಕೇಳಿದ ಪ್ರಶ್ನೆಯನ್ನೂ ಕೇಳಲಿ: ನಿಮ್ಮ ಎತ್ತಿಗೆ ಏನಾಯಿತು? ಉತ್ತರವನ್ನು ನಿಂತು ಕೇಳುವಷ್ಟು ವ್ಯವಧಾನವಿದ್ದರೆ, ಒಂದು ಮನಸ್ಸು ಬೆಳೆಯುವ ಸದ್ದು ಅವರಿಗೆ ಕೇಳಿಸುವುದು.